ಹನ್ನೊಂದು ಪೈಸೆ ಎಲ್ಲಿ ಹೋಯ್ತು?

ದೋಸ್ತ,

ಎರಡು ವಾರದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಸಿಟ್ಟು ಬಂದಿರುತ್ತದೆ. ‘ಇರೋ ಕೆಲಸ ಬಿಟ್ಟು ಈಗ್ಯಾಕೋ ಎಂಎಸ್ಸು?’ ಅಂತ ನೀನು ಒಂದೇ ಸಾಲಲ್ಲಿ ಕೇಳಿಬಿಟ್ಟೆ. ಹೊರದೇಶಕ್ಕೆ ಹೋಗಿ ಮಾಸ್ಟರ್ಸ್ ಓದೋದು ಯಾಕೆ ಅಂತ ನನಗೆ ಒಂದು ಸಾಲಲ್ಲಿ ಹೇಳೋಕೆ ಬರಲಿಲ್ಲ. ಅದಕ್ಕೇ ಈ ಪತ್ರ.

ರಾಯಚೂರಲ್ಲಿ ಈಗ ಹತ್ತಿ ಸೀಸನ್. ಮಾರುಕಟ್ಟೆ, ಅಂದರೆ ನಮ್ಮ ಗಂಜಿನ ಕಡೆ ಹೋದರೆ ಗಾಡಿಗಳ ಸಾಲು ಮುಗಿಯುವುದೇ ಇಲ್ಲ. ಹತ್ತಿ ಎಳೆ ಹಾರಿ ಬಂದು ಶರ್ಟಿಗೆ, ಹುಬ್ಬಿಗೆ ಮೆತ್ತಿಕೊಳ್ಳುತ್ತದೆ. ಮನೆಯಿಂದ ಕೆಲಸ ಮಾಡುತ್ತಿದ್ದಾಗ ನಮ್ಮ ಕಾಕಾನ ದಲಾಲಿ ಅಂಗಡಿಗೆ ಒಂದು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ನೆನಪಿದೆಯಾ? ತೂಕ, ದರ ಹಾಕಿದರೆ ದಲಾಲಿ, ಹಮಾಲಿ ಎಲ್ಲ ತಾನೇ ಬಿಡಿಸಿ ಬಿಲ್ ಕೊಡುತ್ತಿತ್ತು. ಅಂಗಡಿಯ ಗುಮಾಸ್ತರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಒಂದು ಸಂಜೆ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟುಕೊಂಡು ನನ್ನ ಕರೆದರು.

‘ಹನ್ನೊಂದು ಪೈಸೆ ಕಮ್ಮಿ ಬರಾಕತ್ತೈತಿ. ಎಲ್ಲಿ ಹೋತು?’

ನಾನು ನಕ್ಕೆ. ಹನ್ನೊಂದು ಪೈಸೆ ಬಿಡ್ರಿ ಅಂದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟು, ‘ಪೈಸೆ ತಪ್ಪಿದ ಕಡೆ ರೂಪಾಯಿನೂ ತಪ್ಪತೈತಿ’ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಇಲ್ಲ.

ಕೊನೆಗೆ ಸಿಕ್ಕಿತು. ನಾವು ಬರೆಯುವ 0.1 ಅನ್ನು ಕಂಪ್ಯೂಟರ್ ತನ್ನ ಸೊನ್ನೆ-ಒಂದರ ಲೆಕ್ಕದಲ್ಲಿ ಸರಿಯಾಗಿ ಬರೆದುಕೊಳ್ಳಲಾರದು. ನಾವು ಮೂರರಲ್ಲಿ ಒಂದನ್ನು 0.333 ಅಂತ ಎಳೆಯುತ್ತಾ ಹೋಗುತ್ತೇವಲ್ಲ, ಹಾಗೆ. ಅದಕ್ಕೇ 0.1 ಮತ್ತು 0.2 ಕೂಡಿಸಿದರೆ ಅದು 0.30000000000000004 ಅನ್ನುತ್ತದೆ. ಒಂದು ಸಾಲಿನ ಲೆಕ್ಕ 1.005 ರೂಪಾಯಿ ಬಂತು ಅನ್ನು. ಗುಮಾಸ್ತರು ಮೇಲಕ್ಕೆ ಎತ್ತಿ 1.01 ಬರೆಯುತ್ತಾರೆ. ಕಂಪ್ಯೂಟರ್ ಒಳಗೆ ಅದು 1.005ಕ್ಕಿಂತ ಕೂದಲೆಳೆಯಷ್ಟು ಕಮ್ಮಿ. ಹಾಗಾಗಿ 1.00 ಮಾಡಿ ಕೂರುತ್ತದೆ. ಅಂಥ ಹನ್ನೊಂದು ಸಾಲು ಅವತ್ತು ಇದ್ದವು, ಅಷ್ಟೇ. ದಶಮಾಂಶ ಬಿಟ್ಟು ಎಲ್ಲವನ್ನೂ ಪೂರ್ಣ ಸಂಖ್ಯೆಯಲ್ಲೇ ಲೆಕ್ಕ ಹಾಕುವ ಹಾಗೆ ಮಾಡಿದೆ. ಸರಿಹೋಯಿತು.

ಆದರೆ ತಲೆಯೊಳಗಿನ ಹುಳ ಹೋಗಲಿಲ್ಲ. ನಾಲ್ಕು ವರ್ಷ ಬಿಇ ಓದಿ, ಮೂರು ವರ್ಷ ಸಂಬಳ ತಗೊಂಡವನಿಗೆ ಇದು ತಿಳಿಯಲಿಲ್ಲ. ಹುಡುಕುತ್ತಾ ಹೋದರೆ 1991ರ ಕೊಲ್ಲಿ ಯುದ್ಧದ ಕಥೆ ಸಿಕ್ಕಿತು. ಅಮೆರಿಕಾದ ಪೇಟ್ರಿಯಟ್ ಕ್ಷಿಪಣಿಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಓಡುತ್ತಿತ್ತು. ಅದೇ 0.1! ನೂರು ಗಂಟೆ ಬಂದ್ ಮಾಡದೆ ಓಡಿಸಿದ್ದಕ್ಕೆ ಸುಮಾರು 0.34 ಸೆಕೆಂಡ್ ತಪ್ಪಿತು. ಎದುರಿಂದ ಬಂದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ. ಸೌದಿಯ ಧಹ್ರಾನಿನಲ್ಲಿ 28 ಅಮೆರಿಕನ್ ಸೈನಿಕರು ಸತ್ತರು. ಪ್ರೋಗ್ರಾಂ ಓಡಿಸುವ ಮೊದಲೇ ‘ಇಲ್ಲಿ ತಪ್ಪುತ್ತದೆ ನೋಡು’ ಅಂತ ಹೇಳುವ ವಿದ್ಯೆಯೇ ಒಂದಿದೆ. ನನಗೆ ಅದನ್ನು ಓದಬೇಕು. ಇದೇ ನಿನ್ನ ಪ್ರಶ್ನೆಗೆ ಉತ್ತರ.

ಇಷ್ಟು ಗೊತ್ತಿದ್ದೂ ಎಸ್‌ಒಪಿ, ಅಂದರೆ ಯಾಕೆ ಓದಬೇಕು ಅಂತ ವಿಶ್ವವಿದ್ಯಾಲಯಕ್ಕೆ ಕೊಡುವ ಪತ್ರ ಬರೆಯೋಕೆ ಕೂತಾಗ ಏನು ಬರೆದೆ ಗೊತ್ತಾ? ‘ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಅಂದರೆ ಪ್ರಾಣ’ ಅಂತ. ಶುದ್ಧ ಸುಳ್ಳು. ಏಳನೇ ಕ್ಲಾಸಲ್ಲಿ ಚಪ್ಪಲಿ ಹೊರಗೆ ಬಿಟ್ಟು ಲ್ಯಾಬಿಗೆ ಹೋಗುತ್ತಿದ್ದೆವು. ಒಂದು ಕಂಪ್ಯೂಟರಿಗೆ ನಾಲ್ಕು ಜನ. ಪೇಂಟಲ್ಲಿ ನಾನು ಮನೆ ಬಿಡಿಸಿದ್ದೆ, ನೀನು ಪಕ್ಕದಲ್ಲಿ ತೆಂಗಿನಮರ. ಪ್ರಾಣ ಇದ್ದದ್ದು ಲ್ಯಾಬಿನ ಎಸಿ ಮೇಲೆ, ಅಲ್ವಾ? ಒಬ್ಬ ಏಜೆಂಟ್ ಬೇರೆ ಬುದ್ಧಿ ಹೇಳಿದ: ‘ಹಿಂದುಳಿದ ಜಿಲ್ಲೆ, ಬರ, ಬಿಸಿಲು ಇವನ್ನೆಲ್ಲ ಹಾಕಿ, ವರ್ಕ್ ಆಗುತ್ತೆ.’ ಬಿಸಿಲು ಮಾರಿ ಸೀಟು ತಗೊಳ್ಳೋದಾ? ಅವನ ಫೀ ಉಳಿಸಿದೆ. ಈಗ ಮೊದಲ ಸಾಲೇ ಗುಮಾಸ್ತರದು.

ಶಿಫಾರಸು ಪತ್ರದ ಪಾಡು ಬೇರೆ. ಕಾಲೇಜಿಗೆ ಹೋದರೆ ಸರ್ ಒಬ್ಬರು, ‘ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ’ ಅಂದರು. ನನ್ನನ್ನು ನಾನೇ ಹೊಗಳಿಕೊಂಡು ಅರ್ಧ ಪುಟ ಬರೆದೆ. ಓದಿದರೆ ಮದುವೆ ಬಯೋಡೇಟಾ ಥರ ಇತ್ತು. ಹರಿದು ಹಾಕಿ, ಪ್ರಾಜೆಕ್ಟ್ ನೋಡಿಕೊಂಡಿದ್ದ ಮೇಡಂ ಹತ್ತಿರ ಹೋದೆ. ಪೈಸೆ ಕಥೆ ಪೂರಾ ಕೇಳಿಸಿಕೊಂಡರು. ಪತ್ರ ಅವರೇ ಬರೆದರು.

ಎಲ್ಲಿಗೆ ಅಂತ ಕೇಳುತ್ತೀಯ. ಅಮೆರಿಕಾ ದುಡ್ಡಿನ ಕಾರಣಕ್ಕೆ ಬಿಟ್ಟೆ. ಜರ್ಮನಿಯ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಕ್ಕೆ ವರ್ಷದ ಖರ್ಚು 11,904 ಯೂರೋ ಮೊದಲೇ ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆ) ತೋರಿಸಬೇಕು. ಅಲ್ಲಿ ಅಂಕದ ಲೆಕ್ಕ ಉಲ್ಟಾ, 1 ಅಂದರೆ ಎಲ್ಲಕ್ಕಿಂತ ಮೇಲು, 4 ಅಂದರೆ ಬರೀ ಪಾಸು. ನನ್ನ ಹತ್ತಕ್ಕೆ 8.2 ಸಿಜಿಪಿಎ ಅವರ ಸೂತ್ರಕ್ಕೆ ಹಾಕಿದೆ. ನಮ್ಮ ಪಾಸಿನ ಗಡಿ 4 ಅಂತ ಹಿಡಿದರೆ 1.9, 5 ಅಂತ ಹಿಡಿದರೆ 2.08. ಮತ್ತೆ ಅದೇ ಪೈಸೆ ಜಗಳ! ಕೈಗಿರಲಿ ಅಂತ ಇಲ್ಲಿನ ಎಂಟೆಕ್ ಸೀಟಿಗೆ ಬರೆಯುವ ಫೆಬ್ರವರಿಯ ಗೇಟ್ ಪರೀಕ್ಷೆಗೂ ಹೆಸರು ಹಚ್ಚಿದ್ದೇನೆ. ಮೂರು ಗಂಟೆ, 65 ಪ್ರಶ್ನೆ. ಸ್ಕೋರು ಮೂರು ವರ್ಷ ನಡೆಯುತ್ತದೆ, ಎಂಟೆಕ್ ಸಿಕ್ಕರೆ ತಿಂಗಳಿಗೆ 12,400 ಸ್ಟೈಪೆಂಡ್.

ಕಾಕಾನ ಚಿಂತೆಯೇ ಬೇರೆ. ‘371ಜೆ ಸರ್ಟಿಫಿಕೇಟ್ ಹಚ್ಚೀಯೇನ್?’ ಅಂತ ಮೂರು ಸಲ ಕೇಳಿದ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ ಆ ಸರ್ಟಿಫಿಕೇಟ್ ರಾಜ್ಯದ ಗಡಿ ದಾಟಿದರೆ ಬರೀ ಕಾಗದ ಅಂದರೆ ನಂಬಲಿಲ್ಲ. ‘ಊರಾಗ ಟ್ರಿಪಲ್ ಐಟಿ ಐತಿ, ನೀ ಯಾಕ ಹೊರಗ ಹೊಂಟಿ?’ ಅಂದ. ಇದಕ್ಕೆ ಮಾತ್ರ ಇನ್ನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಆದರೂ ದುಡ್ಡು ಕೊಟ್ಟ. ನಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ನೋಡುವ ಜರ್ಮನಿಯವರ ಎಪಿಎಸ್ ಪರಿಶೀಲನೆಗೇ 18,000 ರೂಪಾಯಿ. ಗುಮಾಸ್ತರು ಕಿರ್ದಿ ತೆಗೆದು, ಪೆನ್ನು ಹಿಡಿದು ಕೇಳಿದರು: ‘ಯಾವ ಬಾಬ್ತು ಅಂತ ಬರೀಲಿ? ಹನ್ನೊಂದು ಪೈಸೆ ಬಾಬ್ತು?’ ಹಾಗೇ ಬರೆದಿದ್ದಾರೆ, ಫೋಟೊ ಕಳಿಸುತ್ತೇನೆ.

ಎಸ್‌ಒಪಿ ಮೇಲ್ ಮಾಡಿದ್ದೇನೆ. ಎರಡೇ ಪುಟ. ಎಲ್ಲಿ ಬಡಾಯಿ ಅನಿಸುತ್ತದೋ ಅಲ್ಲಿ ಮುಲಾಜಿಲ್ಲದೆ ಗೀಟು ಹೊಡೆ. ಮುಂದಿನ ಶನಿವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಅಷ್ಟರೊಳಗೆ ಓದಿಡು.

ನಿನ್ನ ದೋಸ್ತ