ಮಗಳಿಗೊಂದು ಪತ್ರ: ನಿನ್ನ ಮಾತು ಯಾರು ಕೇಳ್ತಾರೆ?

ಪುಟ್ಟಿ,

ಭಾನುವಾರ ನೀನು ಮಾತಿನ ಮಧ್ಯೆಯೇ ಫೋನ್ ಇಟ್ಟೆ. ಆಮೇಲೆ ಎತ್ತುತ್ತಿಲ್ಲ. ಮೆಸೇಜ್ ಮಾಡಿದರೆ ಒಂದು ಹೆಬ್ಬೆರಳು ಕಳಿಸುತ್ತೀಯ, ಅಷ್ಟೇ. ಕೌನ್ಸೆಲರ್ ಆಗೋಕೆ ಅಮೆರಿಕದಲ್ಲಿ ಮತ್ತೆ ಕಾಲೇಜು ಸೇರಿದ್ದೀಯಲ್ಲ, ಅದಕ್ಕೆ "ಬೇರೆಯವರ ಗೋಳು ಕೇಳೋಕೆ ಅಷ್ಟು ದೂರ ಹೋಗಬೇಕಿತ್ತಾ" ಅಂದವಳು ನಾನೇ. ಬಾಯಿ ಜಾರಿತು ಅಂತ ಹೇಳಿ ಮುಗಿಸಬಹುದು. ಆದರೆ ಜಾರಿದ್ದಲ್ಲ. ಅದು ಎಲ್ಲಿಂದ ಬಂತು ಅಂತ ಫೋನಿನಲ್ಲಿ ಹೇಳೋಕೆ ನನಗೆ ಆಗಲ್ಲ, ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ. ಸೋಮವಾರ ಕ್ಲಾಸು ಶುರುವಾಗುವ ಮೊದಲು ಓದು. ನೋಟ್‌ಬುಕ್ಕಿನಲ್ಲಿ ಬರೆದು ನಾನೇ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತೇನೆ. ನಿಮ್ಮಪ್ಪನ ಕೈಗೆ ಕೊಡಲ್ಲ. ಇದರಲ್ಲಿ ಅವರಿಗೂ ಗೊತ್ತಿಲ್ಲದ ಒಂದು ವಿಷಯ ಇದೆ.

ಮೊದಲು ಅಪ್ಪನ ವಿಷಯ ಮುಗಿಸಿಬಿಡುತ್ತೇನೆ. ನೀನು "ಕಮ್ಯುನಿಟಿ ಕಾಲೇಜ್" ಅಂದಾಗ ಅವರು "ಯಾವ ಕಮ್ಯುನಿಟಿದು" ಅಂತ ಕೇಳಿದರು. ನೀನು ಬಿದ್ದು ಬಿದ್ದು ನಕ್ಕೆ. ಅವರು ತಮಾಷೆಗೆ ಕೇಳಿದ್ದಲ್ಲಮ್ಮ. ನಮ್ಮ ಕಡೆ ಕಾಲೇಜು ಅಂದರೆ ಒಂದೋ ಸರ್ಕಾರದ್ದು, ಇಲ್ಲ ಮಠದ್ದು, ಇಲ್ಲ ಯಾವುದೋ ಜಾತಿ ಸಂಘದ್ದು. ಮೇಷ್ಟರಾಗಿ ರಿಟೈರ್ ಆದ ಮನುಷ್ಯ. ಮಗಳ ಮುಂದೆ ದಡ್ಡನಾದೆ ಅಂತ ಬೇಜಾರಾಯಿತು. ಆ ಬೇಜಾರಿಗೇ ಬಿಇ ಓದಿಸಿದ್ದು, ಬ್ಯಾಂಕ್ ಸಾಲ, ಎಲ್ಲ ಹೊರಗೆ ತೆಗೆದರು. ಹಳೇ ರಾಗ, ನಿನಗೂ ಬಾಯಿಪಾಠ, ಬಿಡು.

ಈಗ ಕೇಳು. ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಅವರೇ ಕೂತು ಎಲ್ಲ ಓದಿಕೊಂಡಿದ್ದಾರೆ. ಕಮ್ಯುನಿಟಿ ಕಾಲೇಜ್ ಅಂದರೆ ಯಾರು ಬೇಕಾದರೂ ಸೇರಬಹುದಾದ ಎರಡು ವರ್ಷದ ಸರ್ಕಾರಿ ಕಾಲೇಜಂತೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜು 116 ಇವೆಯಂತೆ. ನಿನ್ನ ಡಿ ಆಂಜಾ 1967ರಲ್ಲಿ ಶುರುವಾದದ್ದಂತೆ. ಅಲ್ಲೇ ನೆಲೆಸಿದವರಿಗೆ ಒಂದು ಯೂನಿಟ್‌ಗೆ ಫೀಸು 31 ಡಾಲರ್ ಅಂತೆ. "ಇಷ್ಟಕ್ಕೆ ಇಲ್ಲಿ ಎಲ್‌ಕೆಜಿ ಸೀಟೂ ಸಿಗಲ್ಲ" ಅಂದರು. ಹುಡುಕುತ್ತಾ ಹೋಗಿ ಎಂ.ವಿ. ಗೋಪಾಲಸ್ವಾಮಿಯವರನ್ನು ಹಿಡಿದುಕೊಂಡು ಬಂದರು. ಲಂಡನ್ನಿನಲ್ಲಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದ್ದು, ಮೈಸೂರು ಆಕಾಶವಾಣಿ. ರೇಡಿಯೊ ಹುಚ್ಚಿನ ನಿಮ್ಮಪ್ಪನಿಗೆ ಇಷ್ಟು ಸಾಕಾಯಿತು. ಈಗ ವಾಕಿಂಗ್ ಗೆಳೆಯರ ಮುಂದೆ "ನಮ್ಮ ಮಗಳು ಗೋಪಾಲಸ್ವಾಮಿಗಳ ಸಬ್ಜೆಕ್ಟ್ ಓದ್ತಿದ್ದಾಳೆ" ಅಂತಾರೆ. ನಿನಗೆ ಫೋನ್ ಮಾಡಿ ಹೇಳೋಕೆ ಮಾತ್ರ ಬಿಗುಮಾನ.

ನನಗೆ ಅಷ್ಟು ಸುಲಭಕ್ಕೆ ಸಮಾಧಾನ ಆಗಲ್ಲ. ನಾನು ಆ ಕೆಲಸದ ಅಂಚಿನಲ್ಲಿ ನಿಂತು ನೋಡಿದವಳು.

1985ರಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಒಂದು ಕೆಲಸ ಶುರು ಮಾಡಿದರು. ಮಾನಸಿಕ ಕಾಯಿಲೆ ಅಂದ ಕೂಡಲೇ ಬೆಂಗಳೂರಿಗೆ ಓಡಬೇಕಾಗಿಲ್ಲ, ಹಳ್ಳಿಯ ಪಿಎಚ್‌ಸಿ ಡಾಕ್ಟರೇ ಔಷಧಿ ಕೊಡಬಹುದು, ನಮ್ಮಂಥವರೇ ಮನೆಮನೆಗೆ ಹೋದಾಗ ಗುರುತಿಸಬಹುದು ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. 1996ರಲ್ಲಿ ಬೇರೆ ರಾಜ್ಯಗಳಿಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೋಗಿದ್ದು ಇದೇ ಬಳ್ಳಾರಿ ಮಾದರಿ ನೋಡಿ. ನಿನ್ನ ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ. ಇಲ್ಲದಿದ್ದರೆ ನಿನ್ನ ಪ್ರೊಫೆಸರ್‌ಗೆ ನೀನೇ ಹೇಳು, ಸುಮ್ನೆ ಕೂರಬೇಡ.

ನಾನು ಕೆಲಸಕ್ಕೆ ಸೇರಿದ್ದು 1987ರಲ್ಲಿ. ಆರ್ಡರ್‌ನಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರಿನವರ ಬಾಯಲ್ಲಿ ನರ್ಸಮ್ಮ. ನಮಗೂ ಟ್ರೇನಿಂಗ್ ಕೊಟ್ಟರು. ರಾತ್ರಿಯಿಡೀ ನಿದ್ದೆ ಇಲ್ಲದವರು, ತಮ್ಮಷ್ಟಕ್ಕೆ ತಾವೇ ಮಾತಾಡುವವರು, ಕಾರಣ ಇಲ್ಲದೆ ಎಲ್ಲರ ಮೇಲೂ ಅನುಮಾನ ಪಡುವವರು, ಫಿಟ್ಸ್ ಬರುವವರು. ಗುರುತಿಸಿ ಪಿಎಚ್‌ಸಿಗೆ ಕರೆತರೋದು, ಆಮೇಲೆ ಮನೆ ಭೇಟಿ ಮಾಡಿ ಮಾತ್ರೆ ನುಂಗುತ್ತಿದ್ದಾರಾ ಅಂತ ನೋಡೋದು. ಆ ಕಾಲದಲ್ಲಿ ನಮ್ಮ ಮೇಲೆ ಕುಟುಂಬ ಯೋಜನೆಯ ಆಪರೇಷನ್ ಟಾರ್ಗೆಟ್ ಇತ್ತು. ನನ್ನ ಬಿಳಿ ಸೀರೆ ಕಂಡರೆ ಹೆಂಗಸರು ಹಿತ್ತಲ ಬಾಗಿಲಿಂದ ಹೋಗಿಬಿಡುತ್ತಿದ್ದರು. ಈ ಮಾತ್ರೆಗಳು ಬಂದ ಮೇಲೆ ಮೊದಲ ಸಲ ಜನ ತಾವಾಗಿಯೇ ನನ್ನ ಹತ್ತಿರ ಬಂದರು. ನನಗೆ ಎಷ್ಟು ಜಂಬ ಬಂದಿತ್ತು ಅಂದರೆ ಕೇಳಬೇಡ.

ಆಗ ಒಬ್ಬ ಹುಡುಗಿ ಸಿಕ್ಕಳು. ಹೆಸರು, ಊರು ಬರೆಯಲ್ಲ. ಆ ಊರು ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಅಷ್ಟು ಸಾಕು. ಚೊಚ್ಚಲ ಹೆರಿಗೆ. ಗಂಡು ಮಗು. ಹೆರಿಗೆ ಆಗಿ ಹತ್ತು ದಿನಕ್ಕೆ ಮಾತು ನಿಂತಿತ್ತು, ಮಗುವಿನ ಕಡೆ ನೋಡುತ್ತಿರಲಿಲ್ಲ. ಬಾಣಂತಿ ಸನ್ನಿ ಅಂದರು, ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದರು. ಅವಳ ಅತ್ತೆಯನ್ನು ಒಪ್ಪಿಸಿ ಪಿಎಚ್‌ಸಿಗೆ ಕರೆತರೋದರೊಳಗೆ ನನಗೆ ಸಾಕಾಯಿತು. ಡಾಕ್ಟರು ಕ್ಲೋರ್‌ಪ್ರೊಮಜಿನ್ ಅನ್ನುವ ಮಾತ್ರೆ ಶುರು ಮಾಡಿದರು. ಕೆಲವು ವಾರಕ್ಕೆ ಅವಳು ಎದ್ದು ಓಡಾಡಿದಳು. ಮಗುವನ್ನು ಎತ್ತಿಕೊಂಡಳು. ರಿಜಿಸ್ಟರ್‌ನಲ್ಲಿ "ಸುಧಾರಿಸಿದೆ" ಅಂತ ಬರೆದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಯಾವತ್ತೋ ನಿನಗೆ ಹೇಳಿರುತ್ತಿದ್ದೆ.

ಒಂದು ಮಧ್ಯಾಹ್ನ ಮಗುವಿಗೆ ಲಸಿಕೆ ಹಾಕಿಸಿಕೊಂಡವಳು ಎದ್ದು ಹೋಗಲಿಲ್ಲ. ಎಲ್ಲರೂ ಹೋಗುವ ತನಕ ಕೂತಿದ್ದಳು. ಆಮೇಲೆ ಹೇಳಿದಳು, "ಅಕ್ಕಾ, ಇದನ್ನು ಬಾವಿಗೆ ಹಾಕಬೇಕು ಅನ್ನಿಸ್ತಿತ್ತು. ಒಂದು ದಿನ ಕಟ್ಟೆ ತನಕ ಹೋಗಿದ್ದೆ." ಅಳಲಿಲ್ಲ. ಅಡುಗೆಗೆ ಏನು ಮಾಡಿದೆ ಅಂತ ಹೇಳುವ ದನಿ. ಈಗಲೂ ಅನ್ನಿಸುತ್ತಾ ಅಂತ ಕೇಳಿದೆ. ಇಲ್ಲ ಅಂದಳು. ಯಾರಿಗೂ ಹೇಳಬೇಡಿ ಅಂದಳು. ನಾನು ಹೂಂ ಅಂದೆ. ಅವಳು ಮಗುವಿನ ಟೋಪಿ ಸರಿಮಾಡಿ ಎದ್ದು ಹೋದಳು. ಅವಳ ಎದೆ ಹಗುರ ಆಗಿತ್ತು, ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಅವಳು ಇಳಿಸಿ ಹೋದದ್ದು ನನ್ನ ಹತ್ತಿರ ಉಳಿಯಿತು. ಆ ಊರಿಗೆ ಹೋದಾಗಲೆಲ್ಲ ಬಸ್ ಇಳಿದು ಮೊದಲು ಬಾವಿಯ ಕಡೆ ನೋಡುತ್ತಿದ್ದೆ. ಆಮೇಲೆ ಅವಳ ಮನೆ ಮುಂದೆ ಹೋಗಿ ಮಗು ಇದೆಯಾ ಅಂತ ನೋಡುತ್ತಿದ್ದೆ. ನೀರು ಬೇಕು ಅನ್ನುತ್ತಿದ್ದೆ, ಸೂಜಿ ಕುದಿಸಬೇಕು ಅನ್ನುತ್ತಿದ್ದೆ, ಏನೋ ಒಂದು ನೆಪ. ಮಗು ಅಂಬೆಗಾಲಿಟ್ಟಿತು, ನಡೆಯಿತು, ಅಂಗನವಾಡಿಗೆ ಬಂತು. ಆಗಲೂ ನೋಡುತ್ತಿದ್ದೆ. ರಾತ್ರಿ ಎಚ್ಚರ ಆದರೆ ಅದೇ ಕಟ್ಟೆ. ಡಾಕ್ಟರಿಗೆ ಹೇಳಬಹುದಿತ್ತು. ಹೂಂ ಅಂದಿದ್ದೆನಲ್ಲ. ನಿಮ್ಮಪ್ಪನಿಗೆ ಹೇಳಬಹುದಿತ್ತು. ಅವರಿಗೆ ಆ ಹುಡುಗಿಯ ಗಂಡ ಗೊತ್ತಿದ್ದ, ಸಂತೆಯಲ್ಲಿ ಸಿಗುತ್ತಿದ್ದ. 1990ಕ್ಕೆ ನಿಮ್ಹಾನ್ಸ್‌ನವರ ಆ ಪ್ರಯೋಗವೂ ಮುಗಿಯಿತು. ಮಾತ್ರೆಯ ಹೆಸರು, ಡೋಸು, ಅಡ್ಡ ಪರಿಣಾಮ, ಎಲ್ಲ ಕಲಿಸಿದ್ದರು. ಕೇಳಿದ್ದನ್ನು ಎಲ್ಲಿ ಇಡಬೇಕು ಅಂತ ಕೇಳೋಕೆ ನನಗೆ ಒಬ್ಬರೂ ಇರಲಿಲ್ಲ. ನನ್ನ ಟ್ರಾನ್ಸ್‌ಫರ್ ಆಯಿತು, ನೀನು ಹುಟ್ಟಿದೆ. ಎಣ್ಣೆ ಹಚ್ಚಿ ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗಲೂ ಅವಳ ಮಾತು ಕಿವಿಯಲ್ಲಿ ಬರುತ್ತಿತ್ತು.

ಆ ಮಗು ಈಗ ನಿನಗಿಂತ ದೊಡ್ಡವನು. ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನನ್ನ ಫೋನಿನ ಗಾಜು ಅವನೇ ಹಾಕಿಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಅವನ ತಾಯಿ ಚೆನ್ನಾಗಿದ್ದಾಳೆ, ಮೂರು ಮೊಮ್ಮಕ್ಕಳು. ಅವಳಿಗೆ ಆ ಮಾತು ನೆನಪಿದೆಯೋ ಇಲ್ಲವೋ. ನನಗೆ ಮಾತ್ರ ಅವನನ್ನು ಕಂಡರೆ ಇವತ್ತಿಗೂ ಮೊದಲು ಬಾವಿ ಕಾಣುತ್ತದೆ.

ಮೊಮ್ಮಗ ಹುಟ್ಟಿದ ಚಳಿಗಾಲದ ಬಗ್ಗೆ ನಾನು ಬರೆಯಲ್ಲ. ನಾವಿಬ್ಬರೂ ಅಲ್ಲೇ ಇದ್ದೆವು. ನೀನು ಈ ಓದನ್ನು ಯಾಕೆ ಹಿಡಿದೆ ಅಂತ ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ?

ಹೋದ ತಿಂಗಳು ನೀನು ಹುರುಪಿನಲ್ಲಿ ಅಲ್ಲಿಯ ಕಾನೂನು ಹೇಳಿದ್ದೆ. ಮಗುವಿಗೆ ಹಿಂಸೆ ಆಗುತ್ತಿದೆ ಅಂತ ಕಾರಣ ಇರುವ ಅನುಮಾನ ಬಂದರೂ ಕೌನ್ಸೆಲರ್ ವರದಿ ಮಾಡಲೇಬೇಕು. ಇಂಥವರನ್ನು ಕೊಲ್ಲುತ್ತೇನೆ ಅಂತ ಒಬ್ಬ ಹೇಳಿದರೆ, 1976ರ ಟ್ಯಾರಸಾಫ್ ತೀರ್ಪಿನ ಪ್ರಕಾರ ಆ ಇನ್ನೊಬ್ಬರನ್ನು ಕಾಪಾಡುವ ಹೊಣೆಯೂ ಕೇಳಿಸಿಕೊಂಡವರದ್ದೇ. ನಾನು ಹೂಂಗುಟ್ಟುತ್ತಿದ್ದೆ, ಒಳಗೆ ಬೆವರುತ್ತಿದ್ದೆ. ನಾನು ಅಲ್ಲಿದ್ದಿದ್ದರೆ ಯಾರಿಗೆ ಫೋನ್ ಮಾಡಬೇಕಿತ್ತು? ಮಗುವನ್ನು ಅವಳಿಂದ ಬಿಡಿಸುತ್ತಿದ್ದರಾ? ಹಾಗೆ ಅನ್ನಿಸಿದ್ದು ಯಾವುದು, ಮಾಡೋಕೆ ಹೊರಟಿದ್ದು ಯಾವುದು, ಇದನ್ನು ಹೇಗೆ ತಿಳಿಯೋದು? ಯಾವುದೋ ಪಾಠದಲ್ಲಿ ಬಂದೇ ಬರುತ್ತದೆ. ಬಂದಾಗ ನನಗೂ ಹೇಳು. ಇಲ್ಲಿ ನಿಮ್ಹಾನ್ಸ್‌ನಲ್ಲಿ ಈಗ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. 2022ರಿಂದ 14416 ಅಂತ ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಟೆಲಿ ಮಾನಸ್ ನಂಬರ್ ಬಂದಿದೆ, ನಿಮ್ಮ ಕಡೆಯ 988ರ ಹಾಗೆ. ಆಗ ನನ್ನ ಹತ್ತಿರ ಇದ್ದದ್ದು ಒಂದು ರಿಜಿಸ್ಟರ್.

ಇನ್ನು ನಿನ್ನ 3000 ಗಂಟೆ. ಈ ಕಾಲೇಜಿನಲ್ಲಿ ಸೈಕಾಲಜಿ ಪೇಪರ್‌ಗಳು, ಆಮೇಲೆ ಎರಡೋ ಮೂರೋ ವರ್ಷದ ಮಾಸ್ಟರ್ಸ್, ಅದರ ಜೊತೆಗೆ ಮೇಲ್ವಿಚಾರಣೆಯಲ್ಲಿ 3000 ಗಂಟೆ ಕೆಲಸ, ಕಡಿಮೆ ಅಂದರೂ 104 ವಾರ, ಆಮೇಲೆ ಎರಡು ಪರೀಕ್ಷೆ, ಆಗ ಲೈಸೆನ್ಸ್. ನೀನು ಇದನ್ನು ಹೇಳಿದಾಗ ನಾನು "ಡಾಕ್ಟರೇ ಆಗಬಹುದಿತ್ತಲ್ಲ" ಅಂದೆ. ಆ ಮಾತಿನ ಭರದಲ್ಲಿ ನೀನು ಹೇಳಿದ ಇನ್ನೊಂದು ವಿಷಯ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಪ್ರತಿ ವಾರ ಒಂದು ಗಂಟೆ ನಿನ್ನ ಸೂಪರ್‌ವೈಸರ್ ಎದುರು ಕೂತು ನೀನು ಏನು ಕೇಳಿದೆ, ಏನು ಹೇಳಿದೆ, ನಿನಗೆ ಏನಾಯಿತು ಅಂತ ಮಾತಾಡಬೇಕಂತೆ. ಅದು ನಿಯಮವಂತೆ. ಪುಟ್ಟಿ, ನನಗೆ ಆ ಒಂದು ಗಂಟೆ ಸಿಕ್ಕಿದ್ದರೆ! ಆದ್ದರಿಂದ ಕಾಲೇಜು ಯಾವುದಾದರೂ ಇರಲಿ, ಸೂಪರ್‌ವೈಸರ್ ಮಾತ್ರ ನೋಡಿ ಆರಿಸು. ಗಡಿಯಾರ ನೋಡುತ್ತಾ ಸಹಿ ಹಾಕಿ ಕಳಿಸುವವರು ಬೇಡ. ನಿನ್ನ ಮುಖ ನೋಡಿ "ಊಟ ಮಾಡಿದ್ದೀಯಾ" ಅಂತ ಕೇಳುವವರು ಬೇಕು. ದುಡ್ಡು ಜಾಸ್ತಿ ಆದರೆ ನನ್ನ ಪೆನ್ಷನ್ ಇದೆ. ನಿಮ್ಮಪ್ಪನಿಗೆ ಲೆಕ್ಕ ಹೇಳಬೇಕಾಗಿಲ್ಲ.

ಎಚ್-4ರಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಜೊತೆಗೆ ಬಂದ ನಿನ್ನ ವೀಸಾದಲ್ಲಿ, ಓದಬಹುದು, ಕೆಲಸ ಮಾಡುವ ಹಾಗಿಲ್ಲ ಅನ್ನುತ್ತಾರೆ. ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅಳಿಯಂದಿರ ಐ-140 ಅರ್ಜಿ ಮಂಜೂರಾದರೆ 2015ರ ನಿಯಮದಲ್ಲಿ ನೀನು ಇಎಡಿ, ಅಂದರೆ ಕೆಲಸದ ಪರವಾನಗಿ, ಕೇಳಬಹುದಂತೆ. ಆ ಕಾಗದ ಎಲ್ಲಿಯವರೆಗೆ ಬಂದಿದೆ ಅಂತ ಈಗಲೇ ಕೂತು ಮಾತಾಡಿ. ಓದು ಮುಗಿಸಿ ಗಂಟೆ ಲೆಕ್ಕ ಶುರುವಾಗುವ ಹೊತ್ತಿಗೆ ಕೈ ಕಟ್ಟಿಹಾಕಿಕೊಂಡು ಕೂರುವ ಹಾಗೆ ಆಗಬಾರದು. ಅಳಿಯಂದಿರು ಒಳ್ಳೆಯವರು. ಆದರೆ ಒಳ್ಳೆಯವರಿಗೂ ಬಾಯಿ ಬಿಟ್ಟು ಹೇಳಬೇಕು. ವಾರದಲ್ಲಿ ಎರಡು ಸಂಜೆ ಮಗು ಅವರ ಪಾಲು ಅಂತ ಮೊದಲೇ ಗೊತ್ತು ಮಾಡಿಕೋ. ಸ್ಟ್ಯಾಟಿಸ್ಟಿಕ್ಸ್ ಪೇಪರನ್ನು ಕೊನೆಗೆ ಇಟ್ಟುಕೊಳ್ಳಬೇಡ. ಬಿಇಯಲ್ಲಿ ಮ್ಯಾಥ್ಸ್ ಪಾಸಾದೆ ಅನ್ನುವ ಧೈರ್ಯ ಸಾಲದು, ಹನ್ನೆರಡೇ ವಾರದ ಕ್ವಾರ್ಟರ್ ಅದು. ನೆಂಟರಿಗೆ ಕೌನ್ಸೆಲಿಂಗ್ ಮಾಡಬೇಡ. ನಿಮ್ಮ ದೊಡ್ಡಮ್ಮ ಆಗಲೇ ಮಗನ ಮದುವೆ ವಿಷಯಕ್ಕೆ ನಿನ್ನ ನಂಬರ್ ಕೇಳಿದ್ದಾಳೆ. ನಾನು ಕೊಟ್ಟಿಲ್ಲ. ಬೈಯಬೇಡ, ಇದೆಲ್ಲ ಬರೆಯಬಾರದು ಅಂತಲೇ ಕೂತಿದ್ದೆ, ಕೈ ನಿಲ್ಲಲಿಲ್ಲ.

ನಿನ್ನ ಕಾಲೇಜು ನಾನು ನೋಡಿದ್ದೇನೆ ಅಂತ ಈಗ ಗೊತ್ತಾಯಿತು. ಎದುರಿನ ಮೆಮೋರಿಯಲ್ ಪಾರ್ಕಿಗೆ ಸ್ಟ್ರಾಲರ್ ತಳ್ಳಿಕೊಂಡು ಹೋಗುತ್ತಿದ್ದೆನಲ್ಲ. ಅಲ್ಲಿ ಬೆಂಚಿನ ಮೇಲೆ ದಾವಣಗೆರೆಯವರೊಬ್ಬರು ಸಿಗುತ್ತಿದ್ದರು. ಆರು ತಿಂಗಳ ವೀಸಾದಲ್ಲಿ ಬಂದವರು. ದಿನಾ "ಎಲ್ಲಾ ಚೆನ್ನಾಗಿದೆ" ಅನ್ನುತ್ತಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ ಅತ್ತರು. ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಯಾರೂ ಮಾತಾಡಿಸಲ್ಲವಂತೆ. ಅಂಥವರು ಇಂಗ್ಲಿಷಿನಲ್ಲಿ ಯಾರ ಮುಂದೆ ಅಳಬೇಕು? ಕನ್ನಡದಲ್ಲಿ ಕೇಳಿಸಿಕೊಳ್ಳುವವಳು ಅಲ್ಲಿ ಒಬ್ಬಳಿದ್ದರೆ ಚೆನ್ನ ಅಂತ ಆವತ್ತೇ ಅನ್ನಿಸಿತ್ತು. ಆ ಒಬ್ಬಳು ನನ್ನ ಮಗಳೇ ಆಗಬೇಕಾ ಅಂತ ಈಗ ಅನ್ನಿಸುತ್ತಿದೆ. ಎರಡೂ ನಿಜ. ನನಗೆ ಹೆಮ್ಮೆ ಇಲ್ಲ ಅಂತ ಮಾತ್ರ ತಿಳಿಯಬೇಡ.

ಭಾನುವಾರದ ಮಾತು ನಿನಗೆ ಚುಚ್ಚಿತು ಅಂತ ಗೊತ್ತು. ಫೋನ್ ಎತ್ತು. ಮೊದಲು ನಿಮ್ಮಪ್ಪನಿಗೆ ಕೊಡುತ್ತೇನೆ, ಗೋಪಾಲಸ್ವಾಮಿಗಳ ಕಥೆ ಮೊದಲ ಸಲ ಕೇಳಿದ ಹಾಗೆ ಕೇಳು.

ಇನ್ನೊಂದು. ನಿಮಗೆ ಕ್ಲಾಸಿನಲ್ಲಿ ಮನೆಯವರ ಬಗ್ಗೆ, ಕಂಡವರ ಬಗ್ಗೆ ಪೇಪರ್ ಬರೆಯೋಕೆ ಹೇಳುತ್ತಾರಂತೆ. ಆ ಹುಡುಗಿಯ ವಿಷಯ ಅದರಲ್ಲಿ ಬರೆಯಬೇಡ. ನನ್ನದು ಬೇಕಾದರೆ ಬರಿ. ನರ್ಸಮ್ಮ ಅಂತ ಹಾಕು, ಜಿಲ್ಲೆ ಬದಲಿಸು.

ಅಮ್ಮ