ಹತ್ತಿಯ ಊರಿಗೊಂದು ಹೆಸರುಗಲ್ಲು: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ವಂದನೆಗಳು.

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿರುವ ನಾನು ತಮ್ಮಲ್ಲಿ ಕೇಳುತ್ತಿರುವುದು ಒಂದು ಕಲ್ಲನ್ನು. ಕರ್ತವ್ಯದಲ್ಲಿರುವಾಗ ಬೆಂಕಿಗೋ ನೆರೆಗೋ ಕುಸಿದ ಗೋಡೆಗೋ ಸಿಕ್ಕು ಪ್ರಾಣಬಿಟ್ಟ ಕರ್ನಾಟಕದ ಅಗ್ನಿಶಾಮಕ ಸಿಬ್ಬಂದಿಯ ಹೆಸರುಗಳನ್ನು ಕೆತ್ತಿದ ಕಲ್ಲು ಗಂಜ್‌ನ ಬಾಗಿಲ ಬಳಿ ನಿಲ್ಲಬೇಕು; ಪ್ರತಿ ವರ್ಷ ಅಗ್ನಿಶಾಮಕ ಸೇವಾ ದಿನವಾದ ಏಪ್ರಿಲ್ 14ರಂದು ತಾವು ಅಲ್ಲಿಗೆ ಬಂದು ಆ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು.

ಠಾಣೆಯ ಅಂಗಳ ಬಿಟ್ಟು ಹತ್ತಿ ಮಾರುಕಟ್ಟೆಯೇ ಏಕೆ ಎಂದು ತಾವು ಕೇಳಬಹುದು. ಅಗ್ನಿಶಾಮಕ ಸೇವಾ ದಿನ ಹುಟ್ಟಿದ್ದೇ ಹತ್ತಿಯ ಬೆಂಕಿಯಿಂದ. 1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಸಾವಿರಾರು ಹತ್ತಿ ಬೇಲುಗಳಿದ್ದವು (ಬೇಲು ಎಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ), ಅವುಗಳ ಜೊತೆಗೇ ಸುಮಾರು 1,400 ಟನ್ ಸಿಡಿಮದ್ದೂ ಇತ್ತು. ಮಧ್ಯಾಹ್ನ ಬೇಲುಗಳ ನಡುವಿನಿಂದ ಹೊಗೆ ಕಾಣಿಸಿತು. ಅಗ್ನಿಶಾಮಕ ದಳದವರು ಹಡಗಿನ ಮೇಲೂ ಕಟ್ಟೆಯ ಮೇಲೂ ನಿಂತು ಹೆಚ್ಚುಕಡಿಮೆ ಎರಡು ತಾಸು ನೀರು ಸುರಿದರು. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು, ಅರ್ಧ ತಾಸಿನೊಳಗೆ ಮತ್ತೊಮ್ಮೆ ಸಿಡಿಯಿತು. ದಳದ 66 ಮಂದಿ ಅಲ್ಲೇ ಹೋದರು.

ಎರಡು ತಾಸು ನೀರು ಹಾಕಿದರೂ ಆರದ ಬೆಂಕಿ ಎಂದರೆ ಹೊರಗಿನವರಿಗೆ ಸೋಜಿಗ; ನಮ್ಮ ಗಂಜ್‌ನ ಹಮಾಲರಿಗೆ ಅದು ಗೊತ್ತಿರುವ ಸಂಗತಿ. ಸಂಸ್ಕರಿಸದ ಹತ್ತಿಯ ಎಳೆಯ ಮೇಲೆ ಸ್ವಾಭಾವಿಕವಾದ ಮೇಣದ ಲೇಪವಿರುವುದರಿಂದ ನೀರು ಒಳಕ್ಕೆ ಇಳಿಯದೆ ಜಾರಿ ಹೋಗುತ್ತದೆ, ಒತ್ತಿ ಕಟ್ಟಿದ ಬೇಲಿನ ಹೊಟ್ಟೆಯೊಳಗೆ ಕಿಡಿ ದಿನಗಟ್ಟಲೆ ಕುಳಿತಿರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಮಾಲು ಇದ್ದ ಒಂದು ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವ) ಕಾರ್ಖಾನೆಯಲ್ಲಿ ಹಾಗೇ ಆಯಿತು. ಹತ್ತಿಯ ಜೊತೆ ಬಂದ ಕಲ್ಲೋ ಕಬ್ಬಿಣದ ತುಂಡೋ ಯಂತ್ರಕ್ಕೆ ತಾಗಿ ಕಿಡಿ ಹಾರಿರಬೇಕು. ಜ್ವಾಲೆ ಅಡಗಿದ ಮೇಲೆ ನಾವೆಲ್ಲ ಉಸಿರು ಬಿಟ್ಟು ಚಹಾ ತರಿಸಿದೆವು. ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಮಾತ್ರ ಚಹಾ ಮುಟ್ಟದೆ ಬೇಲಿನಿಂದ ಬೇಲಿಗೆ ಹೋಗಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಅಂಗೈ ಇಟ್ಟು ನೋಡುತ್ತಿದ್ದರು. ಏಳನೆಯದೋ ಎಂಟನೆಯದೋ ಬೇಲಿನ ಮೇಲೆ ಕೈ ನಿಂತಿತು. “ಒಳಗ ಇನ್ನೂ ಉರಿ ಐತ್ರಿ” ಎಂದರು. ಕಬ್ಬಿಣದ ಕೊಕ್ಕೆ ಹಾಕಿ ಸೀಳಿದಾಗ ಒಳಗಿನ ಹತ್ತಿ ಕೆಂಡದಂತೆ ಕೆಂಪಗಿತ್ತು. ಹೊಗೆಗೆ ಕೆಮ್ಮುತ್ತಲೇ ಅವರು ಬೆಳಗಿನವರೆಗೆ ಒಂದೊಂದೇ ಬೇಲು ಬಿಚ್ಚಿ ನೆನೆಸಿದರು. ಅವರ ಹೆಸರು ಕೇಳಬೇಕೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈ ಪತ್ರ ಬರೆಯಲು ಅದೂ ಒಂದು ಕಾರಣ.

ಈ ಕೆಲಸದಲ್ಲಿ ಸಾವಿಗೆ ಹುದ್ದೆಯ ಭೇದವಿಲ್ಲ. 2015ರ ಮೇ ತಿಂಗಳಲ್ಲಿ ಮುಂಬೈನ ಕಾಲ್ಬಾದೇವಿಯಲ್ಲಿ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಕುಸಿದಾಗ ಬಲಿಯಾದವರಲ್ಲಿ ಅಲ್ಲಿನ ಮುಖ್ಯ ಅಗ್ನಿಶಾಮಕ ಅಧಿಕಾರಿಯೂ ಇದ್ದರು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ, 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ವಿರೂಪಾಪುರ ಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಕೊಂಡಾಗ ರಕ್ಷಣೆಗೆ ಹೋದವರ ದೋಣಿಯೇ ಮಗುಚಿತ್ತು. ಅವರು ಬದುಕಿ ಬಂದದ್ದು ನಮ್ಮ ಪುಣ್ಯ.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು ಪ್ರತಿ ಜಿಲ್ಲಾ ಕೇಂದ್ರದಲ್ಲಿ ಆ ವರ್ಷ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಅದು ತಕ್ಕದ್ದೇ. ಅದೇ ಒಳಾಡಳಿತ ಇಲಾಖೆಗೆ ಸೇರಿದ ಅಗ್ನಿಶಾಮಕರ ದಿನ ಮಾತ್ರ ಬಹುಮಟ್ಟಿಗೆ ಠಾಣೆಯ ಕಾಂಪೌಂಡಿನೊಳಗೇ ಮುಗಿಯುತ್ತದೆ. ಏಪ್ರಿಲ್ 14 ಬಾಬಾಸಾಹೇಬರ ಜಯಂತಿಯೂ ಆಗಿರುವುದರಿಂದ ಅಂದು ತಮಗೆ ಬಿಡುವಿರುವುದಿಲ್ಲ ಎಂಬುದನ್ನು ಬಲ್ಲೆ. ಬೆಳಿಗ್ಗೆ ಮಾಲಾರ್ಪಣೆಗೆ ಹೊರಡುವ ಮುನ್ನ ಅರ್ಧ ತಾಸು ಗಂಜ್‌ಗೆ ಬಂದರೆ ಸಾಕು. ಬಿಸಿಲೇರಿದರೆ ನಮ್ಮೂರಿನಲ್ಲಿ ಯಾರನ್ನೂ ಹೊರಗೆ ನಿಲ್ಲಿಸಲಾಗದು, ಮಡಿದವರ ಮನೆಯವರನ್ನಂತೂ ನಿಲ್ಲಿಸಲೇಬಾರದು.

ಕಲ್ಲಿಗಾಗಿ ದೂರ ಹೋಗಬೇಕಿಲ್ಲ. ಮುದಗಲ್ಲಿನ ಬೂದು ಗ್ರಾನೈಟ್ ನಮ್ಮ ಜಿಲ್ಲೆಯದೇ. ಅದರ ಖರ್ಚನ್ನು ವರ್ತಕರೇ ಹಾಕಿಕೊಳ್ಳೋಣವೆಂದು ನನ್ನ ಅಕ್ಕಪಕ್ಕದ ಅಂಗಡಿಯವರೊಂದಿಗೆ ಮಾತಾಡಿದ್ದೇನೆ, ಯಾರೂ ಒಲ್ಲೆ ಎನ್ನಲಿಲ್ಲ. ಸರ್ಕಾರದಿಂದ ಬೇಕಾದದ್ದು ಎರಡೇ: ಜಾಗಕ್ಕೆ ಅನುಮತಿ, ಮತ್ತು ಇಲಾಖೆಯ ದಾಖಲೆಯಲ್ಲಿರುವಂತೆ ಪ್ರತಿಯೊಬ್ಬರ ಹೆಸರು, ಹುದ್ದೆ, ಠಾಣೆ, ತೀರಿಕೊಂಡ ದಿನ ಮತ್ತು ಸ್ಥಳ. ಚಾಲಕರನ್ನೂ ಬಿಡಬಾರದು. ಕೆಳಗೆ ಒಂದಿಷ್ಟು ಜಾಗ ಖಾಲಿ ಇರಲಿ ಎಂದು ಹಿರಿಯ ಹಮಾಲರೊಬ್ಬರು ಹೇಳಿದರು. ಆ ಮಾತು ಕೇಳಿ ಎದೆ ಧಸಕ್ಕೆಂದಿತು, ಆದರೆ ತಪ್ಪೆನ್ನಲಾಗಲಿಲ್ಲ.

ಕೊನೆಯದಾಗಿ ಒಂದು ಮಾತು, ತಪ್ಪು ತಿಳಿಯಬಾರದು. ನಮ್ಮೂರಿನ ಕಲ್ಲುಗಳ ಮೇಲೆ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರ ಹೆಸರುಗಳೇ ದಪ್ಪ ಅಕ್ಷರದಲ್ಲಿರುತ್ತವೆ. ಈ ಕಲ್ಲಿನ ಮೇಲೆ ತಮ್ಮ ಹೆಸರು ಇರುವುದಿಲ್ಲ, ಹಣ ಹಾಕಿದ ನಮ್ಮವೂ ಇರುವುದಿಲ್ಲ. ಇದಕ್ಕೆ ಒಪ್ಪಿಗೆಯಿದ್ದರೆ ಬರುವ ಹತ್ತಿ ಹಂಗಾಮು ಶುರುವಾಗುವ ಮುನ್ನ ಉತ್ತರ ಕೊಡಿಸಬೇಕೆಂದು ವಿನಂತಿ. ಹಂಗಾಮು ಬಂತೆಂದರೆ ಬಾಗಿಲ ಮುಂದೆ ಗಾಡಿಗಳು ಸಾಲು ನಿಲ್ಲುತ್ತವೆ, ಪಾಯ ತೋಡಲು ಜಾಗ ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ರಾಜೇಂದ್ರ ಗಂಜ್‌ನ ಒಬ್ಬ ಹತ್ತಿ ವರ್ತಕ
ರಾಯಚೂರು