ಹೊಸನಗರಕ್ಕೆ ಮತ್ತೆ ಪ್ರತ್ಯೇಕ ಕ್ಷೇತ್ರ ಬೇಕು

ಮಾನ್ಯರೇ,

ವಿಧಾನಸಭಾ ಕ್ಷೇತ್ರಗಳ ಮುಂದಿನ ಪುನರ್ವಿಂಗಡಣೆಯ ಚರ್ಚೆ ನಡೆದಿರುವಾಗ, 2008ರಲ್ಲಿ ರದ್ದಾದ ಶಿವಮೊಗ್ಗ ಜಿಲ್ಲೆಯ ಹೊಸನಗರ ಕ್ಷೇತ್ರದ ವಿಷಯವನ್ನು ಮರೆಯಬಾರದು. ಅಂದು ಈ ತಾಲ್ಲೂಕನ್ನು ಒಡೆದು ಒಂದು ಭಾಗವನ್ನು ಸಾಗರಕ್ಕೂ ಇನ್ನೊಂದನ್ನು ತೀರ್ಥಹಳ್ಳಿಗೂ ಸೇರಿಸಲಾಯಿತು. ಹೀಗಾಗಿ ಇಲ್ಲಿನ ಜನರ ಅಹವಾಲು ಇಬ್ಬರು ಶಾಸಕರ ನಡುವೆ ಹಂಚಿಹೋಗಿದೆ.

ಭೂಮಾಲೀಕರ ವಿರುದ್ಧ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಮರುವರ್ಷವೇ, 1952ರಲ್ಲಿ, ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ಆರಿಸಿ, ಗೇಣಿದಾರರ ದನಿಯನ್ನು ಮೈಸೂರು ವಿಧಾನಸಭೆಗೆ ಮುಟ್ಟಿಸಿದ ನೆಲವಿದು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು, ಗದ್ದೆ, ತೋಟ ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರ ಭೂಹಕ್ಕಿನ ಸಮಸ್ಯೆ ಆರು ದಶಕಗಳಾದರೂ ಪೂರ್ಣವಾಗಿ ಬಗೆಹರಿದಿಲ್ಲ. ರಾಜ್ಯಕ್ಕೆ ಬೆಳಕು ಕೊಟ್ಟು ಮುಳುಗಿದ ಪ್ರದೇಶಕ್ಕೆ, ಜನಸಂಖ್ಯೆ ವಿರಳವೆಂಬ ಕಾರಣಕ್ಕೆ ಪ್ರಾತಿನಿಧ್ಯವೂ ಕುಗ್ಗುವುದು ನ್ಯಾಯವಲ್ಲ. ಆ ವಿರಳತೆಗೆ ಮುಳುಗಡೆಯೂ ಒಂದು ಕಾರಣವಲ್ಲವೇ?

2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯೇ ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಹಾಗೂ ಸಾರ್ವಜನಿಕರ ಅನುಕೂಲವನ್ನು ಗಮನಿಸಬೇಕೆಂದು ಹೇಳುತ್ತದೆ. ಆದ್ದರಿಂದ ಮುಂಬರುವ ಆಯೋಗವು ಹೊಸನಗರ ತಾಲ್ಲೂಕನ್ನು ಒಡೆಯದೆ, ಅದನ್ನೇ ಕೇಂದ್ರವಾಗಿಟ್ಟುಕೊಂಡು ನೆರೆಯ ಹೋಬಳಿಗಳನ್ನು ಸೇರಿಸಿ ಪ್ರತ್ಯೇಕ ಕ್ಷೇತ್ರ ರಚಿಸಬೇಕು. ಜಿಲ್ಲೆಯ ಜನಪ್ರತಿನಿಧಿಗಳು ಪಕ್ಷಭೇದ ಮರೆತು ಈ ಬೇಡಿಕೆಯನ್ನು ಈಗಲೇ ಸರ್ಕಾರದ ಮುಂದಿಡಬೇಕು.

— ಓರ್ವ ಓದುಗ, ಹೊಸನಗರ